ಕಂಡದ್ದು ಬೇರೆ, ನೋಡಿದ್ದು ಬೇರೆ

ಶಿರಸಿ

ಚಿ. ಮಗಳಿಗೆ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಮಳೆ ಹೊಡೆದರೆ ನಮ್ಮಲ್ಲಿ ನೆಟ್‌ವರ್ಕ್ ಇರುವುದಿಲ್ಲ, ನಿನಗೆ ಗೊತ್ತೇ ಇದೆ. ಒಂದೇ ಅರ್ಥದಂತೆ ಕಾಣುವ ಇಂಗ್ಲಿಷ್ ಕ್ರಿಯಾಪದಗಳ ಬಗ್ಗೆ ನೀನು ಕೇಳಿದ್ದಕ್ಕೆ ಉತ್ತರ ಅದಕ್ಕೇ ಬರೆಯುತ್ತಿದ್ದೇನೆ. ಕಾರವಾರದಲ್ಲಿ ಪ್ರವಾಸಿಗರಿಗೆ ಊರು ತೋರಿಸುವ ಕೆಲಸ ಸಿಕ್ಕಿದ್ದು ಕೇಳಿ ಆಯಿಗೆ ನನಗಿಂತ ಖುಷಿ.

ಸೀ, ಲುಕ್, ವಾಚ್ ಮೂರಕ್ಕೂ ನಿನ್ನ ಡಿಕ್ಷನರಿ ‘ನೋಡು’ ಎಂದೇ ಬರೆದಿದೆ ಎಂದೆಯಲ್ಲ, ಅದನ್ನು ಪಕ್ಕಕ್ಕಿಡು. ನಮ್ಮಲ್ಲಿ ‘ಕಾಣು’ ಅಂತಲೂ ಒಂದಿದೆ. ಆ ಪುಸ್ತಕ ಬರೆದವರಿಗೆ ಅದು ನೆನಪಾಗಲಿಲ್ಲ.

ಮಳೆಗಾಲ ಕಳೆದು ದೇವಬಾಗದ ಕಡೆ ದೋಣಿ ಹೊರಟ ಮೇಲೆ ಒಂದು ದಿನ ಡಾಲ್ಫಿನ್ ಬೆನ್ನು ನೀರಿನ ಮೇಲೆ ಬರುತ್ತದೆ. ನಿನಗೆ ಕಂಡಿತು. ಅದು ಸೀ. ದೋಣಿಯಲ್ಲಿದ್ದವರಿಗೆ ‘ಅಗೋ, ಅಲ್ಲಿ’ ಎಂದು ಕೈ ತೋರಿಸಿ ಅವರ ಕಣ್ಣು ಆ ಕಡೆ ತಿರುಗಿಸುತ್ತೀ. ಅದು ಲುಕ್, ಯಾವುದನ್ನು ಎಂದು ಹೇಳುವುದಾದರೆ ಲುಕ್ ಆಟ್. ಮತ್ತೆ ಮೇಲೆ ಬರುತ್ತದೋ ಎಂದು ಎಲ್ಲರೂ ಕಣ್ಣು ಕೀಳದೆ ಕೂತರು, ಅದು ವಾಚ್. ಬೆಳಗಿನ ತನಕ ಕೂತು ಯಕ್ಷಗಾನದ ಆಟ ನೋಡುವುದೂ ವಾಚ್, ಕ್ರಿಕೆಟ್ಟೂ ವಾಚ್, ಟಿವಿಯೂ ವಾಚ್. ಥಿಯೇಟರಿನ ಸಿನಿಮಾಕ್ಕೆ ಸೀ ಎಂದರೂ ನಡೆಯುತ್ತದೆ. ಯಾಕೆ ಅಂತ ಕೇಳಬೇಡ.

ಹಿಯರ್, ಲಿಸನ್ ಕೂಡ ಇದೇ ದಾರಿ. ಕೇಳಿಸಿದರೆ ಹಿಯರ್, ಕಿವಿಗೊಟ್ಟು ಕೇಳಿದರೆ ಲಿಸನ್ ಟು. ನಮ್ಮ ‘ಕೇಳು’ ಪ್ರಶ್ನೆಗೂ ಆಗುತ್ತದೆ, ಆಗ ಅದು ಆಸ್ಕ್.

ಅನುಮಾನ ಬಂದಾಗ ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ನೋಡು. ವಾಕ್ಯ ‘ನನಗೆ’ ಎಂದು ಶುರುವಾಯಿತೋ, ‘ನಾನು’ ಎಂದೋ? ನನಗೆ ಕಂಡಿತು, ನನಗೆ ಕೇಳಿಸಿತು. ಅದರಲ್ಲಿ ನಿನ್ನ ಪ್ರಯತ್ನ ಏನೂ ಇಲ್ಲ, ತಾನಾಗಿ ಆದದ್ದು. ಅದಕ್ಕೇ ಸೀ, ಹಿಯರ್ ಎರಡಕ್ಕೆ ಸಾಮಾನ್ಯವಾಗಿ ‘ಇಂಗ್’ ಅಂಟುವುದಿಲ್ಲ. ಫೋನಿನಲ್ಲಿ ‘ಐ ಆಮ್ ನಾಟ್ ಹಿಯರಿಂಗ್ ಯು’ ಎನ್ನುತ್ತೀಯಲ್ಲ, ‘ಐ ಕಾಂಟ್ ಹಿಯರ್ ಯು’ ಅನ್ನು. ಇನ್ನು ‘ಐ ಆಮ್ ಸೀಯಿಂಗ್ ಹಿಮ್’ ಎಂದರೆ ಅವನ ಜೊತೆ ಓಡಾಟ ಇದೆ, ಪ್ರೀತಿ ಇದೆ ಎಂದು ಅರ್ಥ. ಹಾಗೇನಾದರೂ ಇದ್ದರೆ ಮೊದಲು ಆಯಿಗೆ ಹೇಳು, ಪ್ರವಾಸಿಗರಿಗಲ್ಲ.

ರೈಸ್, ರೇಯ್ಸ್ ನಿನಗೆ ಕಷ್ಟವಾಗಬಾರದು. ಅಡಿಕೆ ದರ ಏರಿತು, ರೋಸ್. ಬಸ್ಸಿನವರು ಟಿಕೆಟ್ ದರ ಏರಿಸಿದರು, ರೇಯ್ಸ್‌ಡ್. ‘ಏರು’ವನ್ನು ‘ಏರಿಸು’ ಮಾಡುವ ನಮ್ಮ ‘ಇಸು’ವಿನ ಕೆಲಸವನ್ನು ಹಳೆಯ ಇಂಗ್ಲಿಷಿನಲ್ಲಿ ಪದದ ಒಳಗಿನ ಸ್ವರ ಬದಲಾಗಿ ತೋರಿಸುತ್ತಿತ್ತು, ಅದರ ಗುರುತು ಕೆಲವು ಜೋಡಿಗಳಲ್ಲಿ ಉಳಿದಿದೆ. ಸಿಟ್ ಕೂರು, ಸೆಟ್ ಕೂರಿಸು. ಫಾಲ್ ಬೀಳು, ಫೆಲ್ ಬೀಳಿಸು. 1983ರಲ್ಲಿ ಅಪ್ಪಿಕೋ ಚಳವಳಿಯಲ್ಲಿ ನಮ್ಮ ಸಾಲ್ಕಣಿ ಊರಿನವರು ಮರ ಅಪ್ಪಿಕೊಂಡು ತಡೆದದ್ದು ಈ ಫೆಲ್ಲಿಂಗನ್ನೇ, ಮರ ಕಡಿದು ಬೀಳಿಸುವುದನ್ನೇ. ಗಾಳಿಗೆ ತಾನಾಗಿ ಬಿದ್ದ ಮರಕ್ಕೂ ಭೂತಕಾಲದಲ್ಲಿ ಫೆಲ್ ಎಂದೇ ಬರುತ್ತದೆ, ಕಡಿದು ಬೀಳಿಸಿದ್ದಕ್ಕೆ ಫೆಲ್ಡ್.

ಲೈ, ಲೇ ಇದೇ ಜಾತಿ, ಆದರೆ ಹೆಚ್ಚು ಕಿರಿಕಿರಿ. ಲೈ ಎಂದರೆ ಮಲಗು, ಲೇ ಎಂದರೆ ಮಲಗಿಸು ಅಥವಾ ಇಡು. ‘ನಾನು ನಿನ್ನೆ ಮಲಗಿದೆ’ ಎನ್ನುವ ಭೂತಕಾಲಕ್ಕೂ ಲೇ ಎಂದೇ ಆಗುತ್ತದೆ! ಇಟ್ಟೆ ಎನ್ನುವುದು ಲೇಯ್ಡ್. ಸುಳ್ಳು ಹೇಳುವ ಲೈ ಬೇರೆ, ಅದರ ಭೂತಕಾಲ ಲೈಡ್. ಇಂಗ್ಲೆಂಡಿನವರೇ ಇಲ್ಲಿ ಎಡವುತ್ತಾರೆ, ಹಾಗಾಗಿ ತಲೆ ಕೆಡಿಸಿಕೊಳ್ಳಬೇಡ.

ಸೇ, ಟೆಲ್ ವಿಷಯದಲ್ಲಿ ಮಾತ್ರ ನಮ್ಮ ಕನ್ನಡ ಕೈ ಕೊಡುತ್ತದೆ, ಎರಡೂ ‘ಹೇಳು’ವೇ. ಟೆಲ್ ಬೆನ್ನಿಗೆ ಸಾಮಾನ್ಯವಾಗಿ ಒಬ್ಬ ಮನುಷ್ಯ ಬೇಕು: ಟೋಲ್ಡ್ ಮಿ. ಸೆಡ್ ಮಿ ಎನ್ನಬಾರದು, ಸೆಡ್ ಟು ಮಿ. ಎಕ್ಸ್‌ಪ್ಲೇನ್ ಕೂಡ ಹಾಗೇ, ನಡುವೆ ಟು ಬೇಕು; ನಿನ್ನ ಕೆಲಸದಲ್ಲಿ ಅದೇ ದಿನಕ್ಕೆ ಹತ್ತು ಸಲ ಬರುತ್ತದೆ. ಕತೆ, ಸುಳ್ಳು, ನಿಜ ಇವಕ್ಕೆ ಟೆಲ್. ಕೊಂಕಣಿ ಬರುತ್ತದೆ ಎನ್ನಲು ಸ್ಪೀಕ್.

ಬ್ರಿಂಗ್, ಟೇಕ್ ಬಗ್ಗೆಯೂ ನೀನು ಕೇಳಿದ್ದೆ. ತರುವುದು, ಒಯ್ಯುವುದು, ಅಷ್ಟೇ.

ಆಯಿ ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿಟ್ಟಿದ್ದಾಳೆ. ಕಾರವಾರಕ್ಕೆ ಬರುವವರು ಯಾರಾದರೂ ಸಿಕ್ಕರೆ ಕೊಟ್ಟು ಕಳಿಸುತ್ತೇನೆ. ರೂಮಿನ ವಿಳಾಸ ಪೂರ್ತಿ ಬರೆದು ಕಳಿಸು.

ಇಂತಿ,
ನಿನ್ನ ಅಪ್ಪ