ಅವ್ವನ ಪಕ್ಕದಲ್ಲಿ ಕುಳಿತವರಿಗೆ

ಅವ್ವ ಕರ್ತನಲ್ಲಿ ನಿದ್ರೆ ಹೋಗಿ ಇವತ್ತಿಗೆ ನಲವತ್ತು ದಿನ. ಕಳೆದ ಭಾನುವಾರ ಆರಾಧನೆಯಲ್ಲಿ ಕೃತಜ್ಞತಾ ಕಾಣಿಕೆ ಸಲ್ಲಿಸಿ, ಎರಡು ಮಾತು ಹೇಳೋಣವೆಂದು ಎದ್ದು ನಿಂತೆ. ಗಂಟಲು ಕಟ್ಟಿತು, ಕುಳಿತುಬಿಟ್ಟೆ. ಅಂದು ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಧಾರವಾಡದ ನಮ್ಮ ಸಭೆಯವರಿಗೆ, ಓಣಿಯವರಿಗೆ, ಈ ಹನ್ನೊಂದು ವಾರಗಳಲ್ಲಿ ನಮ್ಮ ಮನೆಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬರಿಗೂ ಇದು ಮುಟ್ಟಲಿ.

ಅವ್ವನಿಗೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅದು ಹೊಟ್ಟೆಯೆಲ್ಲ ಹರಡಿಯಾಗಿತ್ತು. ಶಸ್ತ್ರಚಿಕಿತ್ಸೆ, ಆರು ಸಲ ಕೀಮೋ, ಆಮೇಲೆ ನಾಲ್ಕು ತಿಂಗಳು ಎಲ್ಲರಂತೆ ಓಡಾಡಿಕೊಂಡಿದ್ದಳು. ಮತ್ತೆ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಇನ್ನು ಕೀಮೋ ಕೊಟ್ಟರೆ ಕಷ್ಟವೇ ಹೆಚ್ಚು, ಆರಾಮವಾಗಿ ಇರಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಇಂಥ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದ ಬಗ್ಗೆಯೂ ತಿಳಿಸಿದರು. ಅವ್ವ ಒಪ್ಪಲಿಲ್ಲ. "ಚರ್ಚಿನ ಗಂಟೆ ಕೇಳಿಸುವ ಮನೆ ಬಿಟ್ಟು ನಾನೆಲ್ಲಿಗೂ ಬರುವುದಿಲ್ಲ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅಲ್ಲಿಯವರೆಗೆ ನಾವೆಲ್ಲ ಒಂದೇ ಪ್ರಾರ್ಥನೆ ಮಾಡುತ್ತಿದ್ದೆವು: ಗುಣಪಡಿಸು. ಶುಕ್ರವಾರದ ಉಪವಾಸ ಪ್ರಾರ್ಥನೆ ಒಂದೂ ತಪ್ಪಿಸಿರಲಿಲ್ಲ. ಹಾಗಿರುವಾಗ ನೋಡಲು ಬಂದವರೊಬ್ಬರು ಅವ್ವನ ಎದುರಿಗೇ, "ಈ ಮನೆಯಲ್ಲಿ ವಿಶ್ವಾಸ ಕಡಿಮೆ, ಅದಕ್ಕೇ ಕಾಯಿಲೆ ಬಿಡುತ್ತಿಲ್ಲ" ಎಂದುಬಿಟ್ಟರು. ಅವ್ವ ಏನೂ ಅನ್ನಲಿಲ್ಲ, ಗೋಡೆಯ ಕಡೆ ಹೊರಳಿ ಮಲಗಿದಳು. ಆ ಬೆನ್ನು ಇನ್ನೂ ನನ್ನ ಕಣ್ಣ ಮುಂದಿದೆ. ಅದಾದ ಮೇಲೆ ಎರಡು ವಾರ ನನ್ನಿಂದ ಪ್ರಾರ್ಥಿಸಲು ಆಗಲೇ ಇಲ್ಲ.

ನಮ್ಮ ಸಭಾಪಾಲಕರಿಗೆ ನಾನು ಮೊದಲು ಋಣಿಯಾಗಿರುವುದು ಇದಕ್ಕಾಗಿ. ಅಯ್ಯನವರು ಬಂದವರೇ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಲಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, "ಅಮ್ಮಾ, ಏನೆಂದು ಪ್ರಾರ್ಥಿಸಲಿ?" ಎಂದು ಕೇಳಿದರು. ಒಂದು ವರ್ಷದಿಂದ ಅಷ್ಟು ಜನ ಪ್ರಾರ್ಥಿಸಿದ್ದೆವು, ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ಮಗನಾದ ನಾನೂ ಕೇಳಿರಲಿಲ್ಲ. ಅವ್ವ ಸ್ವಲ್ಪ ಹೊತ್ತು ಯೋಚಿಸಿ, "ಇವತ್ತು ರಾತ್ರಿ ನಿದ್ದೆ ಬರಲಿ ಎಂದು ಕೇಳಿರಿ, ಅಯ್ಯನವರೇ. ಅಷ್ಟು ಸಾಕು" ಎಂದಳು. ಅವರು ಅಷ್ಟನ್ನೇ ಕೇಳಿದರು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕೇಳುವುದೂ ಅನುದಿನದ ಆಹಾರವನ್ನು ಮಾತ್ರ, ವರ್ಷಕ್ಕಾಗುವಷ್ಟು ದವಸವನ್ನಲ್ಲ. ಚಿಕ್ಕಂದಿನಿಂದ ಹೇಳಿಕೊಂಡು ಬಂದ ಆ ಸಾಲು ನನಗೆ ಅರ್ಥವಾದದ್ದು ಅಂದು.

ಹೊರಡುವಾಗ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, "ನಿನಗೆ ಆಗದಿದ್ದರೆ ಬಿಡು, ನಿನ್ನ ಪಾಲಿನದನ್ನು ನಾವು ಮಾಡುತ್ತೇವೆ. ಎಂಬತ್ತೆಂಟನೆಯ ಕೀರ್ತನೆ ಓದಿಕೋ" ಎಂದರು. ರಾತ್ರಿ ತೆಗೆದು ಓದಿದೆ. ಬೇರೆ ಶೋಕದ ಕೀರ್ತನೆಗಳು ಹೆಚ್ಚಾಗಿ ಕೊನೆಗಾದರೂ ಸ್ತೋತ್ರಕ್ಕೋ ಭರವಸೆಗೋ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲಲ್ಲೇ ನಿಲ್ಲುತ್ತದೆ. ಹಾಗಿದ್ದೂ ಅದು ವೇದಪುಸ್ತಕದಲ್ಲಿದೆ. ಹಾಗಾದರೆ ನನ್ನ ಸಿಟ್ಟಿಗೂ ದೇವರ ಮುಂದೆ ಜಾಗವಿದೆ ಎಂದುಕೊಂಡೆ. ಆ ರಾತ್ರಿಯೇ ಮತ್ತೆ ಬಾಯಿ ಬಿಟ್ಟೆ.

ನೋವು ಹೆಚ್ಚಾದಾಗ ಡಾಕ್ಟರು ಅಫೀಮಿನಿಂದ ತೆಗೆಯುವ ನೋವಿನ ಔಷಧಿ, ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಆ ಹೆಸರು ಕೇಳಿಯೇ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಅವ್ವನ ಹೆದರಿಕೆ ಬೇರೆಯೇ ಇತ್ತು. ಶಿಲುಬೆಗೆ ಹಾಕುವ ಮುಂಚೆ ಯೇಸುಸ್ವಾಮಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟಾಗ ಆತನು ತೆಗೆದುಕೊಳ್ಳಲಿಲ್ಲವಲ್ಲ, ಹಾಗಿರುವಾಗ ನೋವು ಮರೆಸುವ ಮಾತ್ರೆಯನ್ನು ತಾನು ಹೇಗೆ ನುಂಗಲಿ ಎಂದು ಕೇಳಿದಳು. ಅಯ್ಯನವರು ತಕ್ಷಣ ಉತ್ತರ ಕೊಡಲಿಲ್ಲ. ಮರುದಿನ ಬಂದು ಒಳ್ಳೆಯ ಸಮಾರ್ಯದವನ ಸಾಮ್ಯದ ಕತೆಯನ್ನು ಓದಿದರು. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಆ ಮನುಷ್ಯ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದ. "ಇದನ್ನು ಹೇಳಿದವನೂ ಅದೇ ಯೇಸು, ಅಮ್ಮಾ. ನೋವಿನಲ್ಲಿದ್ದ ಯಾರಿಗೂ ತಾಳಿಕೋ ಎಂದು ಆತನು ಹೇಳಲಿಲ್ಲ." ಅವ್ವ ಅಂದು ಸಂಜೆಯೇ ಮಾತ್ರೆ ತೆಗೆದುಕೊಂಡಳು.

ಮನೆಗೆ ಬರುತ್ತಿದ್ದ ನರ್ಸ್ ಸಿಸ್ಟರ್ ನಮಗೆ ಇನ್ನೊಂದು ವಿಷಯ ತಿಳಿಸಿಕೊಟ್ಟರು. ಮಾತ್ರೆ ಕೊಡಲು ನೋವು ಬರಲಿ ಎಂದು ಕಾಯಬಾರದು, ಬರುವ ಮುಂಚೆ ಗಡಿಯಾರ ನೋಡಿ ಕೊಡಬೇಕು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆಧಾಮ ತೆರೆದ ಸಿಸಿಲಿ ಸಾಂಡರ್ಸ್ ಈ ಕ್ರಮವನ್ನು ಪಟ್ಟುಹಿಡಿದು ನಡೆಸಿ ತೋರಿಸಿದರಂತೆ. ದಾದಿಯಾಗಿ, ಸಮಾಜಕಾರ್ಯಕರ್ತೆಯಾಗಿ, ಆಮೇಲೆ ಡಾಕ್ಟರಾದ ಹೆಣ್ಣುಮಗಳು, ದೃಢ ವಿಶ್ವಾಸಿ. ಸಾಯುವವರ ನೋವು ಮೈಯೊಂದರದ್ದಲ್ಲ. ಮನಸ್ಸಿನದು, ಮನೆಯವರದು, ಆತ್ಮದ್ದು ಎಲ್ಲ ಸೇರಿ ಒಂದೇ ನೋವು ಎಂದು ಹೇಳಿದವರೂ ಅವರೇ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಯಿಂದ ಈ ಮಾತ್ರೆ ರೋಗಿಗಳಿಗೆ ಸಿಗುವುದೇ ದುರ್ಲಭವಾಗಿತ್ತು. 2014ರ ತಿದ್ದುಪಡಿಯ ನಂತರ ದಾರಿ ಸ್ವಲ್ಪ ಸಲೀಸಾಗಿದೆ. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರ ಮುಖವನ್ನೂ ನಾನು ಕಂಡಿಲ್ಲ. ಅವರಿಗೂ ಕೈಮುಗಿಯುತ್ತೇನೆ.

ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ಮಲಗುವ ಮುಂಚಿನದು ಎರಡರಷ್ಟು, ನಡುರಾತ್ರಿ ಎಬ್ಬಿಸಬಾರದೆಂದು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ವೇಳೆ, ಮಾತ್ರೆ, ಮಲ ಸಡಿಲಿಸುವ ಔಷಧಿ ಎಲ್ಲವನ್ನೂ ಬರೆದಿಡುತ್ತಿದ್ದೆವು. ಸಭೆಯ ಅಕ್ಕಂದಿರಿಗೆ ಇದು ಹೇಗೋ ಗೊತ್ತಾಗಿ, ಆ ಐದು ವೇಳೆಗಳನ್ನೇ ತಮ್ಮೊಳಗೆ ಹಂಚಿಕೊಂಡರು. ಅವ್ವ ಮಾತ್ರೆ ನುಂಗುವ ಹೊತ್ತಿಗೆ ಎಲ್ಲೋ ಒಂದು ಮನೆಯಲ್ಲಿ ಒಬ್ಬರು ಅವಳಿಗಾಗಿ ಮೊಣಕಾಲೂರುತ್ತಿದ್ದರು. ಅದನ್ನು ತಿಳಿದ ಮೇಲೆ ಅವ್ವ ನೀರಿನ ಲೋಟ ಕೈಗೆ ತೆಗೆದುಕೊಂಡು, "ಈಗ ಯಾರ ಸರದಿ?" ಎಂದು ಕೇಳುವಳು. ಹೆಸರು ಹೇಳಿದರೆ, "ಅವಳ ಮಗನ ಪರೀಕ್ಷೆ ಇದೆ ನೋಡು" ಎಂದು ತಾನೇ ಅವರಿಗಾಗಿ ಪ್ರಾರ್ಥಿಸಿ ಆಮೇಲೆ ಮಾತ್ರೆ ಹಾಕಿಕೊಳ್ಳುವಳು. ಹಾಸಿಗೆ ಹಿಡಿದವಳಿಗೂ ಮಾಡಲು ಒಂದು ಕೆಲಸವನ್ನು ಕೊಟ್ಟಿರಿ, ಅಕ್ಕಂದಿರೇ. ನಿಮಗೆ ಇದು ಗೊತ್ತಿತ್ತೋ ಇಲ್ಲವೋ.

ಪಕ್ಕದ ಮನೆಯ ಕಾಕು ಲಿಂಗಪೂಜೆ ಮುಗಿಸಿಯೇ ನೀರು ಕುಡಿಯುವವರು. ದಿನವೂ ಬೆಳಿಗ್ಗೆ ತೆಳ್ಳಗಿನ ಜೋಳದ ಅಂಬಲಿ ಮಾಡಿ, ಮಜ್ಜಿಗೆ ಬೆರೆಸಿ ತರುತ್ತಿದ್ದರು. ನಾವು ಕುಟುಂಬ ಪ್ರಾರ್ಥನೆಗೆ ಕುಳಿತಾಗ ತಲೆಯ ಮೇಲೆ ಸೆರಗು ಹೊದ್ದು ಅವ್ವನ ಪಾದ ಒತ್ತುತ್ತ ಕುಳಿತಿರುತ್ತಿದ್ದರು. ಕಾಕು, ಆ ಅಂಬಲಿಯ ಮೂರು ಚಮಚೆಯೇ ಎಷ್ಟೋ ದಿನ ಅವ್ವನ ಊಟವಾಗಿತ್ತು.

ಗದಗಿನಿಂದ ಬಂದು ಉಳಿದ ಅಕ್ಕನಿಗೆ, ಎರಡು ತಾಸಿಗೊಮ್ಮೆ ಎದ್ದು ಅವ್ವನನ್ನು ಮಗ್ಗುಲು ಬದಲಿಸಿದ ನನ್ನ ಹೆಂಡತಿಗೆ ಏನು ಹೇಳಲಿ? ಅಷ್ಟು ದಿನ ಮಲಗಿದರೂ ಅವ್ವನ ಬೆನ್ನಿನಲ್ಲಿ ಒಂದೂ ಹುಣ್ಣಾಗಲಿಲ್ಲ. ಕೊನೆಗೆ ಮೈ ತೊಳೆದವರು ಅದನ್ನು ನೋಡಿ ನನ್ನ ಹೆಂಡತಿಯ ಕೈ ಹಿಡಿದುಕೊಂಡರು.

ಕೊನೆಯ ದಿನ ಉಸಿರಿನಲ್ಲಿ ಗೊರಗೊರ ಶಬ್ದ ಬರತೊಡಗಿತು. ಆಸ್ಪತ್ರೆಗೆ ಒಯ್ಯೋಣವೇ ಎಂದು ನಾನು ಗಾಬರಿಯಾದೆ. ಸಿಸ್ಟರ್ ಫೋನಿನಲ್ಲಿ, ಒಂದು ಮಗ್ಗುಲಿಗೆ ಮಲಗಿಸಿ, ತುಟಿಗೆ ಒದ್ದೆ ಹತ್ತಿ ಇಡಿ, ಈ ಶಬ್ದದಿಂದ ನಿಮಗಾಗುವಷ್ಟು ಸಂಕಟ ಅವರಿಗೆ ಆಗುತ್ತಿರಲಿಕ್ಕಿಲ್ಲ, ಮಾತನಾಡುತ್ತಿರಿ ಎಂದರು. ಮೂಗಿಗೆ ನಳಿಕೆ, ಯಂತ್ರದ ಉಸಿರು ಬೇಡವೆಂದು ಅವ್ವ ಮೊದಲೇ ಹೇಳಿದ್ದಳು. ಅಕ್ಕ ಇಪ್ಪತ್ತಮೂರನೆಯ ಕೀರ್ತನೆ ಹೇಳತೊಡಗಿದಳು. ಕಾರ್ಗತ್ತಲಿನ ಕಣಿವೆಯ ಸಾಲಿಗೆ ಬಂದಾಗ ಅವಳ ದನಿ ಒಡೆಯಿತು. ಅಷ್ಟರವರೆಗೆ ಅಲುಗದ ಅವ್ವನ ತುಟಿ ಅಲುಗಿತು. ದನಿ ಬರಲಿಲ್ಲ, ಆದರೆ ಮುಂದಿನ ಮಾತನ್ನು ಅವಳೇ ಹೇಳುತ್ತಿದ್ದಳು. ನಾವು ಅವಳ ಹಿಂದೆ ಹೇಳಿದೆವು. ರಾತ್ರಿ ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಉಳಿದ ಮಾತ್ರೆಗಳನ್ನು ಎಣಿಸಿ ಆಸ್ಪತ್ರೆಗೆ ಹಿಂತಿರುಗಿಸಿದ್ದೇವೆ. ಗಾಳಿ ಹಾಸಿಗೆ, ಒರಗುವ ಹಲಗೆ, ಬೆಡ್‌ಪ್ಯಾನ್ ತೊಳೆದು ಒಣಗಿಸಿ ಇಟ್ಟಿದೆ. ಯಾರ ಮನೆಗಾದರೂ ಬೇಕಿದ್ದರೆ ಸಂಕೋಚಪಡದೆ ಹೇಳಿ, ನಾವೇ ತಂದು ಹಾಸಿಕೊಡುತ್ತೇವೆ. ರೋಗಿ ಮಾತ್ರೆ ತೆಗೆದುಕೊಳ್ಳುವ ವೇಳೆಯನ್ನೂ ತಿಳಿಸಿ. ಬೆಳಗಿನ ಆರರ ಸರದಿ ನಮ್ಮ ಮನೆಯದು.