ಶುಕ್ರವಾರ ಬಂದು ಗುರುವಾರ ಹೋದ ಒಂದು ಸಿನಿಮಾದ ಪರವಾಗಿ

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಖಾತೆಯ ಮಾನ್ಯ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಕಳೆದ ವರ್ಷ ಒಂದು ಬುಧವಾರ ಬೆಳಗಿನ ಆಟಕ್ಕೆ ಹೋಗಿ ಒಂದು ಕನ್ನಡ ಸಿನಿಮಾ ನೋಡಿದೆ. ಇಡೀ ಹಾಲ್‌ನಲ್ಲಿ ನಾವು ಏಳೇ ಮಂದಿ. ಚಿತ್ರ ಬಿಡುಗಡೆಯಾಗಿ ಅಂದಿಗೆ ಆರನೇ ದಿನ. ನಾಳೆಗೆ ಮುಗೀತು ಮೇಡಂ, ಒಳ್ಳೇ ಟೈಮಿಗೆ ಬಂದ್ರಿ ಎಂದು ಟಿಕೆಟ್ ಹರಿದುಕೊಟ್ಟ ಹುಡುಗ ಹೇಳಿದ. ಹೋಗುವ ಮುಂಚೆ ನಾನು ಮೂರು ವಿಮರ್ಶೆ ಓದಿದ್ದೆ. ಮೂರರಲ್ಲೂ ಚಿತ್ರಕ್ಕೆ ಛೀಮಾರಿ. ಒಂದರಲ್ಲಂತೂ ಒಂದೂವರೆ ಸ್ಟಾರ್. ನಿಧಾನ, ಸಾಕ್ಷ್ಯಚಿತ್ರದ ಹಾಗಿದೆ, ಪ್ರಶಸ್ತಿಗೆಂದೇ ಮಾಡಿದ್ದು ಎಂಬುದು ಅವರೆಲ್ಲರ ದೂರು. ಆದರೂ ಹೋದೆ. ಮುಗಿದ ಮೇಲೆ ಮನೆಗೆ ಹೋಗಲು ಮನಸ್ಸಾಗದೆ ಹೊರಗಿನ ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದೆ.

ಆ ಚಿತ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದು ಚಿತ್ರಕ್ಕೆ ಕೃಪೆ ತೋರಿಸಿ ಎಂದು ಕೇಳಲು ಬರೆದ ಪತ್ರ ಎಂದು ತಾವು ತಿಳಿಯಬಾರದು. ಅದೇ ಗತಿಯ ಚಿತ್ರಗಳು ಪ್ರತಿ ತಿಂಗಳೂ ಬಂದು ಹೋಗುತ್ತಿವೆ.

ಕಥೆ ಎರಡು ಸಾಲಿನದು. ಗಂಡ ತೀರಿಹೋದ ಹೆಂಗಸೊಬ್ಬಳು ಅವನ ಎರಡು ಎಕರೆ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆಗಾಗಿ ತಾಲ್ಲೂಕು ಕಚೇರಿಗೆ ಅಲೆಯುತ್ತಾಳೆ. ಮರಣ ಪ್ರಮಾಣಪತ್ರ ಇದ್ದರೆ ವಂಶವೃಕ್ಷ ಇಲ್ಲ, ವಂಶವೃಕ್ಷ ತಂದರೆ ಅದರಲ್ಲಿ ಮಗನ ಹೆಸರು ತಪ್ಪಾಗಿದೆ. ಚಿತ್ರದ ನಡುವೆ ಆಕೆ ಕಚೇರಿಯ ಬೆಂಚಿನ ಮೇಲೆ ಸುಮ್ಮನೆ ಕೂತಿರುವ ದೀರ್ಘ ದೃಶ್ಯವೊಂದಿದೆ. ವಿಮರ್ಶಕರಿಗೆಲ್ಲ ಸಿಟ್ಟು ಬಂದದ್ದು ಅಲ್ಲೇ. ಏನೂ ನಡೆಯುವುದಿಲ್ಲ ಎಂದು ಬರೆದರು.

ಮಾನ್ಯರೇ, ಆ ದೃಶ್ಯದಲ್ಲಿ ಎಷ್ಟೆಲ್ಲ ನಡೆಯುತ್ತದೆ! ಮೊದಲು ಆಕೆ ಬೆಂಚಿನ ತುದಿಯಲ್ಲಿ, ಯಾರೋ ಏಳಿಸಿಬಿಡುತ್ತಾರೇನೋ ಎಂಬಂತೆ ಕೂತಿರುತ್ತಾಳೆ. ಮಡಿಲಲ್ಲಿ ಕಾಗದಗಳಿರುವ ಪ್ಲಾಸ್ಟಿಕ್ ಕವರು. ಅದನ್ನು ಮಡಿಸುತ್ತಾಳೆ, ಬಿಚ್ಚುತ್ತಾಳೆ. ಕಿಟಕಿಯ ಬಿಸಿಲು ಪಾದದಿಂದ ಮೊಣಕಾಲಿಗೆ ಏರುತ್ತದೆ. ಪಕ್ಕದಲ್ಲಿ ಜನ ಬದಲಾಗುತ್ತಾರೆ. ಕೇಸ್ ವರ್ಕರ್ ಊಟಕ್ಕೆ ಏಳುತ್ತಾನೆ. ಆಮೇಲೆ ಗಾಬರಿಯಲ್ಲಿದ್ದ ಒಬ್ಬ ಮುದುಕ ಬಂದು ಯಾವ ಕಿಟಕಿಗೆ ಹೋಗಬೇಕಮ್ಮ ಎಂದು ಕೇಳುತ್ತಾನೆ. ಬೋರ್ಡು ಓದಲು ಬಾರದ ಈಕೆ ತಲೆ ಎತ್ತದೆ ಮೂರನೇದು, ಆದರೆ ಜೆರಾಕ್ಸ್ ಎರಡು ಬೇಕು ಎನ್ನುತ್ತಾಳೆ. ಅಷ್ಟು ತಿಳಿದುಕೊಳ್ಳುವುದರಲ್ಲಿ ಆಕೆಯ ಎಷ್ಟು ದಿನಗಳು ಹೋದವು ಎಂಬುದು ಆ ಒಂದು ಮಾತಿನಲ್ಲಿ ಬಂದುಬಿಡುತ್ತದೆ. ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದವರು ಹೌದು ಹೌದು ಎಂದು ತಮಗೇ ಹೇಳಿಕೊಂಡರು.

ವಿಮರ್ಶಕರ ಮಾತೆಲ್ಲ ಸುಳ್ಳು ಎಂದು ನಾನು ಹೇಳಲಾರೆ. ಮಳೆಯ ದೃಶ್ಯದಲ್ಲಿ ಸಂಭಾಷಣೆ ಅರ್ಧಕ್ಕರ್ಧ ಕೇಳುವುದಿಲ್ಲ. ಮಗನ ಪಾತ್ರಧಾರಿ ನಾಟಕದ ಮಾತಿನಂತೆ ಒಪ್ಪಿಸುತ್ತಾನೆ. ಕೊನೆಯ ಹತ್ತು ನಿಮಿಷ ಬೇಕಿರಲಿಲ್ಲ. ಅದನ್ನು ಬರೆಯುವುದು ಅವರ ಕೆಲಸ, ಬರೆಯಲಿ. ಒಬ್ಬ ವಿಮರ್ಶಕನ ಕೈಗೂ ತಾವಾಗಲಿ ನಾನಾಗಲಿ ಅಡ್ಡ ಹೋಗಬಾರದು. ನನ್ನ ಸಂಕಟ ಬೇರೆ. ಅವರು ತಪ್ಪಿದ್ದರೆ ಅದನ್ನು ತೋರಿಸಿಕೊಡಲು ನನ್ನ ಕೈಯಲ್ಲಿ ಸಿನಿಮಾ ಇಲ್ಲ. ವಿಮರ್ಶೆಗಳು ಇಂದಿಗೂ ಮೊಬೈಲಿನಲ್ಲಿ ಸಿಗುತ್ತವೆ. ಚಿತ್ರ ಎಲ್ಲೂ ಸಿಗುವುದಿಲ್ಲ.

ತಂಗಿಗೆ ತೋರಿಸಬೇಕೆಂದು ಹುಡುಕಿದೆ. ಯಾವ ಓಟಿಟಿಯೂ ಕೊಂಡಿಲ್ಲ. ಪರಿಚಿತರ ಮೂಲಕ ನಿರ್ದೇಶಕರ ನಂಬರ್ ಪಡೆದು ಫೋನ್ ಮಾಡಿದೆ. ಚಿತ್ರಮಂದಿರಕ್ಕೆ ಕಳಿಸಿದ್ದ ಡಿಜಿಟಲ್ ಪ್ರತಿಗೆ ಬೀಗವಿರುತ್ತದಂತೆ. ಗೊತ್ತುಮಾಡಿದ ಪರದೆಯಲ್ಲಿ, ಗೊತ್ತುಮಾಡಿದ ದಿನಗಳಲ್ಲಿ ಮಾತ್ರ ತೆರೆಯುವ ಕೀಲಿ, ಅವಧಿ ಮುಗಿದರೆ ಮುಗಿಯಿತು. ಬೀಗವಿಲ್ಲದ ಮೂಲ ಪ್ರತಿ ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಅವರ ಮನೆಯ ಬೀರುವಿನಲ್ಲಿದೆ. ಇನ್ನೊಂದು ಪ್ರತಿ ಮಾಡಿಸಿದ್ದೀರಾ ಎಂದು ಕೇಳಿದೆ. ಮಾಡಿಸಬೇಕು ಎಂದರು. ಬಿಡುಗಡೆಯ ವಾರದಲ್ಲಿ ಪರದೆಗಿಷ್ಟು ಎಂದು ಪ್ರೊಜೆಕ್ಷನ್ ಶುಲ್ಕ ಕಟ್ಟಿ, ಪೋಸ್ಟರ್ ಅಂಟಿಸಿ, ಕೈ ಬರಿದಾಗಿತ್ತು ಅವರಿಗೆ.

ಸೆಲ್ಯುಲಾಯ್ಡ್ ನೆಗೆಟಿವ್ ತಂಪಾದ ಒಣ ಕೋಣೆಯಲ್ಲಿದ್ದರೆ ದಶಕಗಟ್ಟಲೆ ಬಾಳುತ್ತದೆ. ಬೀರುವಿನ ಹಾರ್ಡ್ ಡಿಸ್ಕ್ ಯಾವತ್ತು ಕೈಕೊಡುತ್ತದೋ ಹೇಳಲಾಗದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಚಿತ್ರ ಹೇಗಿತ್ತು ಎಂದು ಬೇರೆಯವರ ನೆನಪಿನಿಂದ ಊಹಿಸಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಉಳಿದದ್ದು. ಅದಕ್ಕೆ ಎದುರಾಗಿ ‘ಘಟಶ್ರಾದ್ಧ’ ನೋಡಿ. 1977ರ ಚಿತ್ರ. ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆಗೆ ಬಂತು. ಅದು ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಚಿತ್ರ, ಅದನ್ನು ಕಾಯುವವರಿದ್ದರು. ಒಂದೂವರೆ ಸ್ಟಾರ್ ಪಡೆದದ್ದನ್ನು ಯಾರು ಕಾಯುತ್ತಾರೆ?

ಮೊದಲ ತೀರ್ಪೇ ಕೊನೆಯದಾಗಿದ್ದರೆ ನಾವು ಏನೇನು ಕಳೆದುಕೊಳ್ಳುತ್ತಿದ್ದೆವು! 1970ರ ‘ಸಂಸ್ಕಾರ’ಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ನಿರಾಕರಿಸಿತ್ತು, ಆಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದದ್ದು ಅದೇ. ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ತಮ್ಮ ಮೊದಲ ಚಿತ್ರ ‘ನಾಗರಿಕ್’ ಅನ್ನು 1952ರಲ್ಲೇ ಮುಗಿಸಿದ್ದರು. ಅದು ಬಿಡುಗಡೆಯಾದದ್ದು 1977ರಲ್ಲಿ, ಅವರು ತೀರಿಕೊಂಡ ಮರುವರ್ಷ. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ. ಕಮಲ್ ಸ್ವರೂಪ್ ಅವರ ‘ಓಂ ದರ್‌ಬದರ್’ 1988ರಲ್ಲಿ ಸಿದ್ಧವಾದ ಹಿಂದಿ ಚಿತ್ರ. ತಲೆಬುಡ ಅರ್ಥವಾಗದು ಎಂಬ ಹೆಸರು ಹೊತ್ತು ಚಿತ್ರಮಂದಿರ ಕಾಣದೆ ಉಳಿಯಿತು. ಅದಕ್ಕೆ ಹಣ ಹಾಕಿದ್ದು ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿ. ಅದೇ ಸಂಸ್ಥೆ ಮುಂದೆ ಅದನ್ನು ಡಿಜಿಟಲ್ ರೂಪಕ್ಕೆ ತಂದಿತು, 2014ರ ಜನವರಿಯಲ್ಲಿ ಚಿತ್ರ ಮೊದಲ ಬಾರಿಗೆ ಥಿಯೇಟರಿಗೆ ಬಂತು. ಆಗ ಟಿಕೆಟ್ ಕೊಂಡವರಲ್ಲಿ ಚಿತ್ರ ತಯಾರಾದಾಗ ಹುಟ್ಟೇ ಇರದ ಹುಡುಗರಿದ್ದರು. ಇಪ್ಪತ್ತಾರು ವರ್ಷ ಕಾಯಲು ಸಾಧ್ಯವಾದದ್ದು ಪ್ರತಿ ಉಳಿದಿದ್ದರಿಂದ.

ಈಗ ತಮ್ಮ ಸರ್ಕಾರದ ಮಾತಿಗೆ ಬರುತ್ತೇನೆ. 2025-26ರ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಓಟಿಟಿ ವೇದಿಕೆಯನ್ನು ಘೋಷಿಸಲಾಯಿತು. ಕನ್ನಡ ಚಿತ್ರಗಳ ಭಂಡಾರ ಸಿದ್ಧಪಡಿಸಲು 3 ಕೋಟಿ ರೂಪಾಯಿ ಎಂದೂ ಹೇಳಲಾಯಿತು. ಅಂದು ಸುದ್ದಿ ಓದಿ ನಾನು ಕುಣಿದಾಡಿದ್ದೆ. ನನ್ನ ಬಿನ್ನಹ ಈ ಎರಡರ ಬಗ್ಗೆಯೇ.

ಓಟಿಟಿಗೆ ಚಿತ್ರ ಆರಿಸುವಾಗ ಎಷ್ಟು ದಿನ ಓಡಿತು, ಎಷ್ಟು ಸ್ಟಾರ್ ಬಂತು, ಯಾವ ಪ್ರಶಸ್ತಿ ಸಿಕ್ಕಿತು ಎಂಬುದನ್ನು ಬಾಗಿಲಲ್ಲಿ ಕೇಳಬೇಡಿ. ಓಡಿದ ಚಿತ್ರಕ್ಕೆ ಖಾಸಗಿಯವರು ಇದ್ದಾರೆ, ಸರ್ಕಾರದ ವೇದಿಕೆ ಬೇಕಾಗಿರುವುದು ಓಡದವುಗಳಿಗೆ. ಕೇರಳ 2024ರ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಎಂಬ ಸರ್ಕಾರಿ ಓಟಿಟಿ ಆರಂಭಿಸಿದಾಗ ನೋಡಿದ ಚಿತ್ರಕ್ಕಷ್ಟೇ ದುಡ್ಡು ಕೊಡುವ ಪದ್ಧತಿ ತಂದಿತು. ನೋಡುಗರು ಕೊಟ್ಟದ್ದರಲ್ಲಿ ನಿರ್ಮಾಪಕರಿಗೆ ಪಾಲು. ಏಳು ಜನ ನೋಡಿದರೂ ಏಳು ಜನರ ಲೆಕ್ಕ ಅವರಿಗೆ ಸಿಗುತ್ತದೆ.

ಭಂಡಾರಕ್ಕೂ ಅಷ್ಟೇ. ಸರ್ಕಾರದ ಸಹಾಯಧನ ಪಡೆದ ಪ್ರತಿ ಚಿತ್ರದ ಬೀಗವಿಲ್ಲದ ಪ್ರತಿ, ಸಬ್‌ಟೈಟಲ್ ಕಡತ, ಧ್ವನಿಯ ಮೂಲ ಟ್ರ್ಯಾಕ್‌ಗಳು ಅಲ್ಲಿರಬೇಕು. ಸಹಾಯಧನಕ್ಕೆ ಅರ್ಜಿ ಹಾಕಿ ಸಿಗದವರೂ ಬಯಸಿದರೆ ಇಡುವಂತಿರಬೇಕು. ತಂದಿಟ್ಟು ಬೀಗ ಹಾಕಿದರೆ ಸಾಲದು. ಎರಡು ವರ್ಷಕ್ಕೊಮ್ಮೆ ಪ್ರತಿ ತೆರೆದು ಓಡಿಸಿ ನೋಡುವ, ಹೊಸ ಡಿಸ್ಕ್‌ಗೆ ವರ್ಗಾಯಿಸುವ ನೌಕರರು ಬೇಕು. ಕಟ್ಟಡದ ಶಂಕುಸ್ಥಾಪನೆಗೆ ಸಿಗುವ ಉತ್ಸಾಹ ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಕೋಲ್ಕತ್ತದಲ್ಲಿ ಸರ್ಕಾರದ್ದೇ ಆದ ‘ನಂದನ್’ ಚಿತ್ರಕೇಂದ್ರ 1985ರಿಂದ ಇದೆ. ನಮಗೆ ಹೊಸದಾಗಿ ಕಟ್ಟುವ ಅಗತ್ಯವೂ ಇಲ್ಲ. ಜಿಲ್ಲೆಗಳ ರಂಗಮಂದಿರಗಳು ವಾರದ ಎಷ್ಟೋ ಸಂಜೆ ಖಾಲಿ ಇರುತ್ತವೆ. ಒಳ್ಳೆಯ ಪ್ರೊಜೆಕ್ಟರ್, ಕೇಳುವಂಥ ಸೌಂಡ್, ತಿಂಗಳಿಗೆ ಎರಡು ಶನಿವಾರ. ಒಂದು ವಾರದಲ್ಲೇ ತೆಗೆದುಹಾಕಿದ ಚಿತ್ರಗಳನ್ನು ಅಲ್ಲಿ ತೋರಿಸಿ, ನಿರ್ದೇಶಕರನ್ನು ಕರೆಸಿ. ಬೈದು ಬರೆದ ವಿಮರ್ಶಕರನ್ನೂ ಕರೆಸಿ, ಎದುರುಬದುರು ಮಾತಾಡಲಿ. ಪೌತಿ ಖಾತೆಗೆ ಅಲೆದವರು ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ; ಬೆಂಚಿನ ಆ ದೃಶ್ಯ ಉದ್ದವಾಯಿತೋ ಇಲ್ಲವೋ ಅವರನ್ನು ಕೇಳೋಣ.

ನಿರ್ದೇಶಕರೊಂದಿಗೆ ಮತ್ತೆ ಮಾತಾಡಿದ್ದೇನೆ. ಭಂಡಾರದ ಕೆಲಸ ಶುರುವಾದ ದಿನ ಆ ಹಾರ್ಡ್ ಡಿಸ್ಕನ್ನು ತಾವೇ ತಂದು ಕೊಡುವುದಾಗಿ ಒಪ್ಪಿದ್ದಾರೆ. ಯಾವ ಕಚೇರಿಯ ಯಾವ ಕಿಟಕಿಗೆ ತರಬೇಕು ಎಂದು ತಮ್ಮ ಇಲಾಖೆ ತಿಳಿಸಿದರೆ ಸಾಕು.

ಗೌರವಪೂರ್ವಕವಾಗಿ,
ಒಬ್ಬ ಪ್ರೇಕ್ಷಕಿ