ಬಿಳಿಯರು ಅಂದರೆ ಯಾರು?

ಪೋರ್ಟ್‌ಲ್ಯಾಂಡ್, ಒರೆಗಾನ್, ಅಮೆರಿಕ

ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಆರಾಮ. ಅಮ್ಮನ ಮಂಡಿನೋವು ಹೇಗಿದೆ? ಪಾಪುವನ್ನು ಶಾಲೆಗೆ ಸೇರಿಸಿದೆವು. ಅರ್ಜಿಯಲ್ಲಿ ಜನಾಂಗ ಕೇಳುತ್ತಾರೆ, ಏಷ್ಯನ್ ಅಂತ ಗುರುತು ಹಾಕಿದೆ. "ಹಾಗಾದ್ರೆ ಬಿಳಿಯರು ಅಂದ್ರೆ ಯಾರು?" ಅಂತ ನೀವು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು.

ಬಿಳಿಯರು ರಕ್ತದಿಂದಲೇ ಬೇರೆ ಜನ, ಈ ದೇಶ ಅವರದ್ದು ಅನ್ನುವವರು ಇಲ್ಲಿದ್ದಾರೆ. ಬಿಳಿತನವನ್ನು ಕಾನೂನು, ಕೋರ್ಟು ಸೇರಿ ಕಟ್ಟಿದ್ದು ಅನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಭಗತ್ ಸಿಂಗ್ ಥಿಂಡ್ ಕೇಸು ಓದಿದರೆ ನೀವೂ ಇದೇ ಹೇಳುತ್ತೀರಿ. ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ, ಇವರು ಬೇರೆ. ಪಂಜಾಬಿನಿಂದ ಬಂದು ಇದೇ ಒರೆಗಾನಿನ ಮರದ ಮಿಲ್ಲಿನಲ್ಲಿ ದುಡಿದವರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೂ ಸೇರಿದ್ದರು.

1790ರ ಕಾನೂನು ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ ಕೊಡುತ್ತಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು, ಏಷ್ಯಾದವರನ್ನು ಬಿಟ್ಟರು. 1922ರ ನವೆಂಬರಿನಲ್ಲಿ, ಪೌರತ್ವ ಕೇಳಿದ್ದ ಜಪಾನಿನ ಟಕಾವೊ ಒಜಾವಾ ಅವರಿಗೆ ಸುಪ್ರೀಂ ಕೋರ್ಟು ಹೇಳಿದ್ದು: ಚರ್ಮ ಬೆಳ್ಳಗಿದ್ದರೆ ಸಾಲದು, ಕಕೇಶಿಯನ್ (ಯುರೋಪಿನವರನ್ನೆಲ್ಲ ಸೇರಿಸಿ ಪಂಡಿತರು ಒಂದು ಜನಾಂಗಕ್ಕೆ ಇಟ್ಟಿದ್ದ ಹೆಸರು) ಆಗಿರಬೇಕು. ಸರಿ, ಮೂರೇ ತಿಂಗಳಿಗೆ ಥಿಂಡ್ ಸರದಿ. ಆಗಿನ ಪಂಡಿತರ ಲೆಕ್ಕದಲ್ಲಿ ಪಂಜಾಬಿನವರೂ ಕಕೇಶಿಯನ್ನರೇ. ಈಗ ಕೋರ್ಟು ಮಾತು ತಿರುಗಿಸಿತು. ಪಂಡಿತರದ್ದು ಬೇಡ, ಸಾಮಾನ್ಯ ಜನ ಯಾರನ್ನು ಬಿಳಿಯ ಅಂತಾರೋ ಅವನೇ ಬಿಳಿಯ, ಥಿಂಡ್‌ಗೆ ಪೌರತ್ವ ಇಲ್ಲ ಅಂದಿತು. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಎಲ್ಲ ರಕ್ತದಲ್ಲೇ ಇದ್ದಿದ್ದರೆ ಅಳತೆ ಹೀಗೆ ಬದಲಾಗುತ್ತಿತ್ತಾ ಅಪ್ಪ?

ಆಮೇಲೆ ಎಷ್ಟೋ ಭಾರತೀಯರಿಂದ ಕೊಟ್ಟಿದ್ದ ಪೌರತ್ವವನ್ನೇ ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಆ ನೋವಿನಲ್ಲೇ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ನಮ್ಮವರಿಗೆ ಬಾಗಿಲು ತೆರೆದದ್ದು 1946ರಲ್ಲಿ. ಮುಂದೆ 1970ರ ಜನಗಣತಿ ನಮ್ಮನ್ನು ಬಿಳಿಯರ ಲೆಕ್ಕಕ್ಕೇ ಹಾಕಿತು, 1980ರಲ್ಲಿ ಮತ್ತೆ ತೆಗೆದರು!

ಆದರೆ ನನಗೆ ಜಾಸ್ತಿ ಸಂಕಟ ಕೊಟ್ಟದ್ದು ಥಿಂಡ್ ಪರ ಹೂಡಿದ ವಾದ. ಇವರು ಮೇಲ್ಜಾತಿಯವರು, ಆರ್ಯರು. ಮದುವೆ ವಿಷಯದಲ್ಲಿ ಅಮೆರಿಕದ ಬಿಳಿಯ ಕರಿಯರನ್ನು ಹೇಗೆ ದೂರ ಇಡುತ್ತಾನೋ, ಮೇಲ್ಜಾತಿಯವನು ಮೂಲನಿವಾಸಿಗಳನ್ನು ಹಾಗೇ ದೂರ ಇಡುತ್ತಾನೆ. ಅದಕ್ಕೇ ಇವರನ್ನು ಬಿಳಿಯರ ಸಾಲಿಗೆ ಸೇರಿಸಿ. ಹೀಗಂತ ಕೋರ್ಟಿಗೆ ಬರೆದುಕೊಟ್ಟಿದ್ದರು. ಇಲ್ಲಿ ಸಮಾನತೆ ಕೇಳಲು ಅಲ್ಲಿನ ಜಾತಿಯನ್ನೇ ಸಾಕ್ಷಿಗೆ ತಂದರಲ್ಲ! ಅನ್ಯಾಯವಾದದ್ದು ಥಿಂಡ್‌ಗೆ, ನಿಜ. ಈ ವಾದವೂ ಅನ್ಯಾಯವೇ.

ನಾವೂ ಮೂಲದಲ್ಲಿ ಆರ್ಯರೇ ಅಂತ ಚಿಕ್ಕಪ್ಪ ಮೊನ್ನೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರು. ಈ ಕಾಗದವನ್ನು ಅವರಿಗೂ ಓದಿಸಿ.

ನಿಮ್ಮ ಪ್ರೀತಿಯ ಮಗಳು